ನಿಂತ ಬಂಡಿಯನ್ನು ನಡೆಸುವ ವಿದ್ಯೆ

ರೈಲುಬಂಡಿಯ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ವೇಗವನ್ನು ಕುರಿತು ಬರೆದಿರುವರು. ಯಾವ ಇಸವಿಯಲ್ಲಿ ಯಾವ ಇಂಜಿನು ಗಂಟೆಗೆ ಎಷ್ಟು ಮೈಲಿ ಓಡಿತು, ಯಾವ ಸೇತುವೆ ಎಷ್ಟು ಉದ್ದ, ಯಾವ ಸುರಂಗವನ್ನು ಕೊರೆಯಲು ಎಷ್ಟು ವರ್ಷ ಹಿಡಿಯಿತು ಎಂಬ ವಿವರಗಳು ನಮಗೆ ಸುಲಭವಾಗಿಯೇ ದೊರೆಯುತ್ತವೆ. ಆದರೆ ನಿಲ್ದಾಣದಲ್ಲಿ ನಿಶ್ಚಲವಾಗಿ ನಿಂತಿರುವ ಸಾವಿರ ಟನ್ನಿನ ಬಂಡಿಯು ಮೊದಲ ಒಂದು ಗೇಣು ದೂರ ಹೇಗೆ ಸರಿಯುತ್ತದೆ ಎಂದು ಕೇಳುವವರು ವಿರಳ. ಓಡುತ್ತಿರುವುದನ್ನು ಓಡಿಸುವುದಕ್ಕಿಂತ ನಿಂತದ್ದನ್ನು ಎಬ್ಬಿಸುವುದು ಕಷ್ಟವೆಂಬುದು ನಮ್ಮ ಎತ್ತಿನ ಗಾಡಿಯವನಿಗೆ ಚೆನ್ನಾಗಿ ತಿಳಿದ ಸಂಗತಿ. ಕಬ್ಬಿನ ಹೇರು ತುಂಬಿ ಗದ್ದೆಯ ಬದುವಿನಲ್ಲಿ ನಿಂತ ಗಾಡಿಯನ್ನು ಎಬ್ಬಿಸಬೇಕಾದಾಗ ಬಲ್ಲವನು ಮೊದಲು ಬಾರುಕೋಲನ್ನು ಎತ್ತುವುದಿಲ್ಲ. ಎರಡು ಎತ್ತುಗಳೂ ನೊಗಕ್ಕೆ ಸಮನಾಗಿ ಹೆಗಲು ಕೊಡುವವರೆಗೆ ಕಾದು, ಅನಂತರ ಒಂದು ಮಾತು ಕೂಗುವನು. ಅವಸರಪಟ್ಟರೆ ನೊಗ ಓರೆಯಾಗುವುದು, ಹಗ್ಗ ಹರಿಯುವುದು, ಗಾಡಿ ಮಾತ್ರ ನಿಂತಲ್ಲಿಯೇ ನಿಂತಿರುವುದು.

ಎರಡು ಸಾವಿರಕ್ಕೆ ಮೇಲ್ಪಟ್ಟ ಅಶ್ವಶಕ್ತಿಯ ಡೀಸೆಲ್ ಇಂಜಿನಿಗೂ ಈ ನಿಯಮ ತಪ್ಪಿದ್ದಲ್ಲ. ಅದರ ವಿಷಯದಲ್ಲಿ ಇನ್ನೊಂದು ವಿಚಿತ್ರವೂ ಉಂಟು. ಆ ಯಂತ್ರಕ್ಕೆ ಹುಟ್ಟಿನಿಂದ ನಿಂತಲ್ಲಿ ಬಲವೇ ಇಲ್ಲ. ಓಡುವಾಗ ಭೀಮನಾದ ಈ ಯಂತ್ರಕ್ಕೆ ಮೊದಲ ಹೆಜ್ಜೆಯಿಡುವುದನ್ನು ಮನುಷ್ಯನು ಕಲಿಸಬೇಕಾಯಿತು. ಆ ಕಲಿಕೆಯ ಚರಿತ್ರೆಯನ್ನೂ, ಅದರಲ್ಲಿ ಚಾಲಕನ ಕೈಗೆ ಉಳಿದ ಕೆಲಸವೆಷ್ಟೆಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಮಾತು ಗೊಂದಲವಾಗದಂತೆ, ಬಂಡಿಯನ್ನೆಳೆಯುವ ಇಡೀ ವಾಹನವನ್ನು ಇಂಜಿನು ಎಂದೂ, ಅದರೊಳಗಿನ ಎಣ್ಣೆಯ ಯಂತ್ರವನ್ನು ಡೀಸೆಲ್ ಯಂತ್ರವೆಂದೂ ಕರೆಯುವೆನು.

ರೈಲಿನ ಹುಟ್ಟಿನಲ್ಲಿಯೇ ಎದ್ದ ಮೊದಲ ಸಂದೇಹವು ಹಿಡಿತವನ್ನು ಕುರಿತದ್ದು. ನುಣುಪಾದ ಹಳಿಯ ಮೇಲೆ ನುಣುಪಾದ ಚಕ್ರವು ತಿರುಗಿದರೆ ಬಂಡಿ ಮುಂದಕ್ಕೆ ಹೋಗುವುದೋ, ಚಕ್ರ ಮಾತ್ರ ನಿಂತಲ್ಲಿಯೇ ಸುತ್ತುವುದೋ? ೧೮೦೪ನೆಯ ಇಸವಿ ಫೆಬ್ರವರಿಯಲ್ಲಿ ವೇಲ್ಸ್ ಪ್ರಾಂತದ ಪೆನಿಡ್ಯಾರನ್ ಎಂಬ ಕಬ್ಬಿಣದ ಕಾರ್ಖಾನೆಯ ದಾರಿಯಲ್ಲಿ ರಿಚರ್ಡ್ ಟ್ರೆವಿಥಿಕನ ಉಗಿಯಿಂಜಿನು ಹತ್ತು ಟನ್ ಕಬ್ಬಿಣವನ್ನೂ ಸುಮಾರು ಎಪ್ಪತ್ತು ಜನರನ್ನೂ ಎಳೆದುಕೊಂಡು ಹೋಯಿತು. ಹಿಡಿತವೇನೋ ಸಾಕಾಯಿತು, ಆದರೆ ಬೀಡುಕಬ್ಬಿಣದ ಹಳಿಗಳು ಇಂಜಿನಿನ ಭಾರವನ್ನು ತಾಳಲಾರದೆ ಮುರಿದುವು. ಇಂಜಿನನ್ನು ಹಗುರಗೊಳಿಸಿದರೆ ಚಕ್ರ ಜಾರುವುದು, ಭಾರಗೊಳಿಸಿದರೆ ಹಳಿ ಮುರಿಯುವುದು! ಈ ಇಕ್ಕಟ್ಟಿನಿಂದ ಪಾರಾಗಲು ಜಾನ್ ಬ್ಲೆಂಕಿನ್‌ಸಾಪ್ ಎಂಬಾತನು ಹಳಿಯ ಪಕ್ಕದಲ್ಲಿ ಹಲ್ಲುಗಳನ್ನು ಎರಕಹೊಯ್ಯಿಸಿ, ಹಲ್ಲುಗಾಲಿಯ ಇಂಜಿನನ್ನು ೧೮೧೨ರಲ್ಲಿ ಲೀಡ್ಸ್ ನಗರದ ಬಳಿಯ ಕಲ್ಲಿದ್ದಲಿನ ದಾರಿಯಲ್ಲಿ ನಡೆಸಿದನು. ಮರುವರ್ಷ ವೈಲಮ್ ಗಣಿಯ ವಿಲಿಯಂ ಹೆಡ್ಲಿಯು, ಮನುಷ್ಯರು ಕೈಯಿಂದ ತಿರುಗಿಸುವ ಒಂದು ಪರೀಕ್ಷಾಬಂಡಿಯನ್ನು ಮಾಡಿಸಿ ಅದರ ಮೇಲೆ ಭಾರವನ್ನು ಹೇರುತ್ತ ಹೋಗಿ, ಸಾಕಷ್ಟು ಭಾರವಿದ್ದರೆ ನುಣುಪು ಚಕ್ರವೇ ಸಾಕೆಂದು ತೋರಿಸಿಕೊಟ್ಟನು.

ಅಂದು ಗೊತ್ತಾದ ಸತ್ಯವು ಇಂದಿಗೂ ಬದಲಾಗಿಲ್ಲ. ಒಣಗಿದ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರವು, ತನ್ನ ಮೇಲಿನ ಭಾರದ ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ಎಳೆತವನ್ನು ಜಾರದೆ ತಾಳಬಲ್ಲದು. ತುಂತುರು ಮಳೆಯಾಗಲಿ, ಎಣ್ಣೆಯಾಗಲಿ, ನಜ್ಜುಗುಜ್ಜಾದ ಎಲೆಯಾಗಲಿ ಹಳಿಗೆ ಅಂಟಿದರೆ ಆ ಪಾಲು ಅರ್ಧಕ್ಕೂ ಇಳಿಯುವುದು. ಇಂಜಿನಿನ ಹೊಟ್ಟೆಯಲ್ಲಿ ಎಷ್ಟೇ ಸಾಮರ್ಥ್ಯವಿರಲಿ, ಹಳಿ ತಾಳುವುದಕ್ಕಿಂತ ಹೆಚ್ಚು ಎಳೆತವನ್ನು ಹಳಿಯಿಂದ ಪಡೆಯಲಾಗದು. ಬಂಡಿಯನ್ನು ಎಬ್ಬಿಸುವವನಿಗೆ ಇದು ಲಕ್ಷ್ಮಣರೇಖೆ.

ಉಗಿಯಿಂಜಿನಿಗೆ ನಿಂತಲ್ಲಿಯೂ ಬಲವಿತ್ತು. ಕೊಳವೆಯಲ್ಲಿ ಉಗಿಯನ್ನು ಬಿಟ್ಟೊಡನೆ, ಚಕ್ರವು ಇನ್ನೂ ತಿರುಗದಿದ್ದರೂ ಕೊಂತದ ಮೇಲೆ ಪೂರ್ತಿ ಒತ್ತಡ ಬೀಳುತ್ತಿತ್ತು. ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ೧೮೬೪ರಲ್ಲಿ ರೈಲು ಬಂದಾಗಲೂ, ೧೮೮೨ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮೀಟರ್‌ಗೇಜು ಹಾದಿ ತೆರೆದಾಗಲೂ, ಉಗಿಚಾಲಕನ ಚಿಂತೆ ಬಲ ಸಾಲದೆಂಬುದಲ್ಲ, ಬಲ ಮಿತಿಮೀರಿ ಚಕ್ರ ಜಾರೀತೆಂಬುದು. ಆದುದರಿಂದ ಆತನು ರೆಗ್ಯುಲೇಟರಿನ ಹಿಡಿಕೆಯನ್ನು ತುಸು ತೆರೆದು, ಡಬ್ಬಿಗಳ ನಡುವಣ ಕೊಂಡಿಗಳು ಒಂದೊಂದಾಗಿ ಬಿಗಿಯುವವರೆಗೆ ಕಾದು, ಬಳಿಕ ಮತ್ತಷ್ಟು ತೆರೆಯುತ್ತಿದ್ದನು. ಆದರೆ ಉಗಿಯಿಂಜಿನು ಬಕಾಸುರನ ಬಳಗದ್ದು. ತಿಂದ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲನ್ನು ಕೂಡ ಅದು ಕೆಲಸಕ್ಕೆ ತರುತ್ತಿರಲಿಲ್ಲ.

ಈ ದುಂದುಗಾರಿಕೆಯನ್ನು ನೀಗಲು ಹೊರಟವನು ರುಡಾಲ್ಫ್ ಡೀಸೆಲ್. ೧೮೫೮ರಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನ್ ತಂದೆತಾಯಿಗಳಿಗೆ ಹುಟ್ಟಿದ ಈತನು, ಆಗ್ಸ್‌ಬರ್ಗ್ ನಗರದಲ್ಲಿ ೧೮೯೭ರಲ್ಲಿ ಪರೀಕ್ಷೆಗೆ ಒಡ್ಡಿದ ಯಂತ್ರವು ಎಣ್ಣೆಯ ಶಾಖದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲನ್ನು ಕೆಲಸವಾಗಿ ಮಾರ್ಪಡಿಸಿತು. ಅದರ ತತ್ತ್ವ ಸರಳವಾದುದು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುವುದು. ಹಾಗೆ ಕಾದ ಗಾಳಿಗೆ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ಅದು ತಾನಾಗಿಯೇ ಹೊತ್ತಿಕೊಳ್ಳುವುದು. ಆದರೆ ಗಾಳಿಯನ್ನು ಒತ್ತಬೇಕಾದರೆ ಯಂತ್ರವು ಆಗಲೇ ತಿರುಗುತ್ತಿರಬೇಕಷ್ಟೆ. ನಿಂತ ಡೀಸೆಲ್ ಯಂತ್ರದಲ್ಲಿ ಬೆಂಕಿಯಿಲ್ಲ, ಬೆಂಕಿಯಿಲ್ಲದಾಗ ಬಲವಿಲ್ಲ. ಅದನ್ನು ಹೊರಗಿನ ಸಹಾಯದಿಂದ ತಿರುಗಿಸಿ ಎಚ್ಚರಿಸಬೇಕು. ಎಚ್ಚೆತ್ತ ಮೇಲೂ ಒಂದು ನಿಯತವಾದ ವೇಗಕ್ಕಿಂತ ಕೆಳಗೆ ಭಾರ ಹೊರಿಸಿದರೆ ಅದು ಉಸಿರುಕಟ್ಟಿ ನಿಂತುಬಿಡುವುದು.

ಕಾರ್ಖಾನೆಯಲ್ಲಿಯೂ ಹಡಗಿನಲ್ಲಿಯೂ ಈ ದೋಷವು ಅಷ್ಟಾಗಿ ಬಾಧಿಸಲಿಲ್ಲ. ರೈಲಿನಲ್ಲಿ ಅದು ದೊಡ್ಡ ಅಡ್ಡಿಯಾಯಿತು. ಸ್ವಿಟ್ಜರ್ಲೆಂಡಿನ ಸುಲ್ಜರ್ ಸಂಸ್ಥೆಯ ಡೀಸೆಲ್ ಯಂತ್ರವನ್ನು ಹೊತ್ತ ಸುಮಾರು ಸಾವಿರ ಅಶ್ವಶಕ್ತಿಯ ಒಂದು ಇಂಜಿನು ೧೯೧೨ರಲ್ಲಿ ಸಿದ್ಧವಾಯಿತು. ಅದರಲ್ಲಿ ಡೀಸೆಲ್ ಯಂತ್ರವನ್ನು ನೇರವಾಗಿ ಚಕ್ರಗಳಿಗೆ ಜೋಡಿಸಿದ್ದರು. ಆದುದರಿಂದ ಬಂಡಿ ನಿಂತರೆ ಯಂತ್ರವೂ ನಿಲ್ಲಬೇಕು. ಬಂಡಿಯನ್ನು ಎಬ್ಬಿಸಲು ಪ್ರತಿಸಲವೂ ಸಂಗ್ರಹಿಸಿಟ್ಟ ಒತ್ತುಗಾಳಿಯಿಂದ ಕೊಂತಗಳನ್ನು ತಳ್ಳಿ, ತಕ್ಕಷ್ಟು ವೇಗ ಬಂದ ಮೇಲೆ ಎಣ್ಣೆಯನ್ನು ಬಿಡಬೇಕು. ಪರೀಕ್ಷೆಗಳೇನೋ ನಡೆದುವು, ಆದರೆ ದಿನನಿತ್ಯದ ಓಡಾಟಕ್ಕೆ ಅದು ಒದಗಲಿಲ್ಲ. ೧೯೧೩ನೆಯ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ಡೀಸೆಲನು ರಾತ್ರಿಯಲ್ಲಿ ಕಣ್ಮರೆಯಾದನು. ತನ್ನ ಯಂತ್ರವು ರೈಲನ್ನು ಆಳುವ ದಿನವನ್ನು ಆತನು ಕಾಣಲಿಲ್ಲ.

ಪರಿಹಾರವು ಬಂದದ್ದು ವಿದ್ಯುತ್ತಿನಿಂದ. ಡೀಸೆಲ್ ಯಂತ್ರವು ಚಕ್ರವನ್ನು ಮುಟ್ಟುವುದೇ ಬೇಡ. ಅದು ತನ್ನಷ್ಟಕ್ಕೆ ತಿರುಗುತ್ತ ಜನರೇಟರನ್ನು ತಿರುಗಿಸಲಿ, ಅಲ್ಲಿ ಹುಟ್ಟಿದ ವಿದ್ಯುತ್ತು ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳನ್ನು ತಿರುಗಿಸಲಿ ಎಂಬುದೇ ಆ ಉಪಾಯ. ರೈಲಿನಲ್ಲಿ ಬಳಸುತ್ತಿದ್ದ ಸೀರೀಸ್ ಜಾತಿಯ ಮೋಟಾರಿಗೆ ಡೀಸೆಲ್ ಯಂತ್ರಕ್ಕೆ ತದ್ವಿರುದ್ಧವಾದ ಗುಣವಿದೆ: ಅದರ ಎಳೆತ ಅತ್ಯಧಿಕವಾಗಿರುವುದು ನಿಂತಾಗಲೇ. ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬಿದಂತಾಯಿತು. ರಷ್ಯಾದೇಶದ ಪ್ರಾಧ್ಯಾಪಕ ಲೊಮೊನೊಸೊವ್ ಎಂಬವರ ಯೋಜನೆಯಂತೆ ಕಟ್ಟಿದ ಇಂತಹ ಇಂಜಿನು ೧೯೨೪ರಲ್ಲಿ ಜರ್ಮನಿಯ ಎಸ್ಲಿಂಗೆನ್ನಿನಲ್ಲಿ ಪರೀಕ್ಷೆಗೆ ನಿಂತಿತು.

ಇಷ್ಟಾದರೂ ಚಾಲಕನ ತೊಡಕು ತೀರಲಿಲ್ಲ. ಯಂತ್ರದ ವೇಗಕ್ಕೆ ಒಂದು ಹಿಡಿಕೆ, ಜನರೇಟರಿನ ಕಾಂತಬಲಕ್ಕೆ ಇನ್ನೊಂದು ಹಿಡಿಕೆ. ಇವೆರಡನ್ನೂ ಸರಿತೂಗಿಸುವುದು ಅವನ ಪಾಲಿಗೆ ಬಿದ್ದಿತು. ಎರಡನೆಯದನ್ನು ತುಸು ಮುಂಚೆ ಸರಿಸಿದರೆ ಭಾರ ತಡೆಯದೆ ಯಂತ್ರವು ನಿಂತುಹೋಗುವುದು. ತಡವಾಗಿ ಸರಿಸಿದರೆ ಯಂತ್ರವು ಬರಿದೆ ಆರ್ಭಟಿಸುವುದು, ಬಂಡಿ ಕದಲದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಕೆಲಸಮಾಡಿದ ಹರ್ಮನ್ ಲೆಂಪ್ ಎಂಬಾತನು ಈ ಎರಡು ಕೆಲಸಗಳನ್ನೂ ಒಂದೇ ಹಿಡಿಕೆಗೆ ಒಳಪಡಿಸುವ ಏರ್ಪಾಟನ್ನು ರೂಪಿಸಿದನು. ಯಂತ್ರಕ್ಕೆ ತಾಳುವಷ್ಟೇ ಭಾರವನ್ನು ಜನರೇಟರು ತಾನಾಗಿಯೇ ಹೊರಿಸುವುದು. ಚಾಲಕನು ಎಷ್ಟು ಶಕ್ತಿ ಬೇಕೆಂದು ಹೇಳಿದರೆ ಸಾಕು. ಈ ಬಗೆಯ ನಿಯಂತ್ರಣವುಳ್ಳ ೩೦೦ ಅಶ್ವಶಕ್ತಿಯ ಇಂಜಿನನ್ನು ೧೯೨೫ರಲ್ಲಿ ನ್ಯೂಜರ್ಸಿಯ ಸೆಂಟ್ರಲ್ ರೈಲ್ವೆಯವರು ಕೊಂಡರು. ಡೀಸೆಲ್ ಯಂತ್ರದ ನಿಜವಾದ ರೈಲುಜೀವನವು ಅಂದಿನಿಂದ ಆರಂಭವಾಯಿತೆನ್ನಬಹುದು. ೧೯೩೯ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ನಾಲ್ಕು ಘಟಕಗಳನ್ನು ಕೂಡಿಸಿದ ೫,೪೦೦ ಅಶ್ವಶಕ್ತಿಯ ಇಂಜಿನನ್ನು ಅಮೆರಿಕದ ರೈಲ್ವೆಗಳಲ್ಲೆಲ್ಲ ಮೆರೆಸಿತು; ನಾಲ್ಕೂ ಘಟಕಗಳು ಒಬ್ಬನೇ ಚಾಲಕನ ಒಂದೇ ಹಿಡಿಕೆಗೆ ಓಗೊಟ್ಟುವು.

ಈ ಹಿಡಿಕೆಯೇ ಥ್ರಾಟಲ್. ಉಗಿಯಿಂಜಿನಿನ ರೆಗ್ಯುಲೇಟರಿನಂತೆ ಇದು ಎಲ್ಲಿ ಬೇಕಾದರೂ ನಿಲ್ಲುವಂಥದಲ್ಲ. ರೂಢಿಗೆ ಬಂದ ಇಂಜಿನುಗಳಲ್ಲಿ ಸುಮ್ಮನಿರುವ ಸ್ಥಾನವನ್ನು ಬಿಟ್ಟು ಇದಕ್ಕೆ ಎಂಟು ಗಚ್ಚುಗಳುಂಟು. ಚಾಲಕರು ನಾಚ್ ಎನ್ನುವ ಇವನ್ನು ನಾವು ಮೆಟ್ಟಿಲೆನ್ನಬಹುದು. ಹಿಡಿಕೆಯನ್ನು ಒಂದು ಮೆಟ್ಟಿಲೇರಿಸಿದರೆ ಗವರ್ನರೆಂಬ ವೇಗಪಾಲಕದಲ್ಲಿನ ಚಿಕ್ಕ ವಿದ್ಯುತ್ಕಾಂತಗಳು ಕೆಲಸಮಾಡಿ, ಯಂತ್ರದ ವೇಗವನ್ನೂ ಅದು ಹೊರುವ ಭಾರವನ್ನೂ ಒಂದು ಹಂತ ಏರಿಸುತ್ತವೆ.

ಭಾರತದ ಮುಖ್ಯ ಹಾದಿಗಳಲ್ಲಿ ಡೀಸೆಲಿನ ಯುಗವು ಬೇರೂರಿದ್ದು ೧೯೫೭ರಿಂದ ಈಚೆಗೆ. ಆ ವರ್ಷ ಅಮೆರಿಕದ ಆಲ್ಕೊ ಸಂಸ್ಥೆಯಿಂದ ೧,೯೫೦ ಅಶ್ವಶಕ್ತಿಯ ಇಂಜಿನುಗಳು ಬರತೊಡಗಿದುವು. ೧೯೬೨ರಲ್ಲಿ ಅದೇ ಸಂಸ್ಥೆಯ ೨,೬೦೦ ಅಶ್ವಶಕ್ತಿಯ ಡಬ್ಲ್ಯುಡಿಎಂ-೨ ಎಂಬ ಜಾತಿ ಬಂದಿತು. ೧೯೬೪ರ ಜನವರಿಯಿಂದ ಅದು ವಾರಾಣಸಿಯ ಕಾರ್ಖಾನೆಯಲ್ಲಿಯೇ ತಯಾರಾಗತೊಡಗಿತು. ಮುಂದಿನ ಮೂರು ದಶಕಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕಟ್ಟಲ್ಪಟ್ಟ ಈ ಇಂಜಿನು ದೇಶದ ಎಲ್ಲ ದಿಕ್ಕುಗಳಲ್ಲಿಯೂ ದುಡಿಯಿತು. ಅದರ ತೂಕ ಸುಮಾರು ೧೧೩ ಟನ್. ಆರು ಅಚ್ಚುಗಳಿಗೂ ಒಂದೊಂದು ಮೋಟಾರು. ಸುಮ್ಮನೆ ತಿರುಗುವಾಗ ಅದರ ಯಂತ್ರದ ವೇಗ ನಿಮಿಷಕ್ಕೆ ೪೦೦ ಸುತ್ತು, ಎಂಟನೆಯ ಮೆಟ್ಟಿಲಿನಲ್ಲಿ ೧,೦೦೦ ಸುತ್ತು. ತೂಕದ ನಾಲ್ಕನೆಯ ಒಂದು ಪಾಲಿಗೆ ತುಸು ಮಿಗಿಲಾಗಿ, ಸುಮಾರು ೩೦ ಟನ್ನು ಅದರ ಗರಿಷ್ಠ ಎಳೆತ.

ಈ ಇಂಜಿನು ನಿಲ್ದಾಣದಿಂದ ಹೊರಡುವಾಗ ನುರಿತ ಚಾಲಕನು ಏನು ಮಾಡುತ್ತಿದ್ದನೆಂಬುದನ್ನು ಈಗ ನೋಡೋಣ. ಕೈಕಂಬ ಬಿದ್ದು, ಗಾರ್ಡು ಹಸುರು ಬಾವುಟವನ್ನು ತೋರಿಸಿದನು. ಚಾಲಕನ ಮೊದಲ ಕೆಲಸ ಕಾಯುವುದು. ಬ್ರೇಕನ್ನು ಬಿಟ್ಟ ಸುದ್ದಿಯು ಕೊಳವೆಯ ಮೂಲಕ ಕಟ್ಟಕಡೆಯ ಡಬ್ಬಿಗೆ ಮುಟ್ಟಲು ವೇಳೆ ಹಿಡಿಯುವುದು. ಹಿಂದಿನ ಡಬ್ಬಿಗಳ ಚಕ್ರವನ್ನು ಬ್ರೇಕು ಕಚ್ಚಿಕೊಂಡಿರುವಾಗ ಮುಂದಿನಿಂದ ಎಳೆದರೆ ನಡುವಣ ಕೊಂಡಿಗೆ ಆಪತ್ತು. ಅನಂತರ ಒಂದನೆಯ ಮೆಟ್ಟಿಲು. ಆತನು ಇಲ್ಲಿಯೂ ನಿಲ್ಲುವನು. ಏಕೆಂದರೆ ಡಬ್ಬಿ ಡಬ್ಬಿಗಳ ನಡುವೆ ಸಡಿಲವಿರುತ್ತದೆ. ಇಂಜಿನು ಒಂದು ಮೊಳ ಸರಿದಾಗ ಮೊದಲ ಕೊಂಡಿ ಬಿಗಿಯುವುದು, ಆಮೇಲೆ ಎರಡನೆಯದು, ಹೀಗೆ ಕೊನೆಯವರೆಗೂ. ಈ ಸಡಿಲವು ಮುಗಿಯುವ ಮುನ್ನವೇ ಇಂಜಿನು ವೇಗಗೊಂಡರೆ, ಆಗಲೇ ಓಡುತ್ತಿರುವ ಮುಂಭಾಗವು ಇನ್ನೂ ನಿಂತಿರುವ ಹಿಂಭಾಗವನ್ನು ಒಮ್ಮೆಲೇ ಜಗ್ಗುವುದು. ಗೂಡ್ಸುಬಂಡಿಯಲ್ಲಿ ಕೊಂಡಿ ತುಂಡಾಗಿ ಬಂಡಿ ಎರಡಾಗುವುದು ಹೀಗೆಯೇ. ಪ್ರಯಾಣಿಕರ ಬಂಡಿಯಲ್ಲಿ ನಿಂತ ಮುದುಕಿ ಬೀಳುವುದೂ, ಮಲಗಿದ ಮಗು ಬೆಚ್ಚಿ ಏಳುವುದೂ ಹೀಗೆಯೇ.

ಚಾಲಕನ ಮುಂದೆ ವಿದ್ಯುತ್ಪ್ರವಾಹವನ್ನು ತೋರಿಸುವ ಒಂದು ಮುಳ್ಳು ಇದೆ. ಮೆಟ್ಟಿಲನ್ನು ಏರಿಸಿದೊಡನೆ ಈ ಮುಳ್ಳು ಮೇಲಕ್ಕೆ ನೆಗೆಯುವುದು. ಬಂಡಿಗೆ ವೇಗ ಬಂದಂತೆಲ್ಲ ಮೋಟಾರುಗಳು ತಾವೇ ಎದುರುಬಲವನ್ನು ಹುಟ್ಟಿಸುವುದರಿಂದ ಮುಳ್ಳು ಮೆಲ್ಲನೆ ಕೆಳಗಿಳಿಯುವುದು. ಹಾಗೆ ಇಳಿಯುವುದನ್ನು ಕಂಡು ಮುಂದಿನ ಮೆಟ್ಟಿಲನ್ನು ಏರಿಸಬೇಕು. ಇದೇ ಈ ವಿದ್ಯೆಯ ಹೃದಯ. ಹಿಡಿಕೆಯನ್ನು ಏರಿಸುವ ಅನುಮತಿಯನ್ನು ಗಡಿಯಾರ ಕೊಡುವುದಿಲ್ಲ, ಬಂಡಿಯೇ ಕೊಡುತ್ತದೆ.

ಎಂಟನೆಯ ಮೆಟ್ಟಿಲಿಗೆ ಒಮ್ಮೆಲೇ ಹಾರಿದರೆ ಬೇಗ ಹೋಗಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಲೆಕ್ಕವೇ ಇದಕ್ಕೆ ಉತ್ತರ ಹೇಳುತ್ತದೆ. ಎಳೆತವನ್ನು ವೇಗದಿಂದ ಗುಣಿಸಿದರೆ ಬರುವುದು ಶಕ್ತಿ. ಹಳಿಯು ತಾಳುವ ೩೦ ಟನ್ ಎಳೆತದಲ್ಲಿ ಈ ಇಂಜಿನಿನ ಪೂರ್ಣಶಕ್ತಿ ಖರ್ಚಾಗಬೇಕಾದರೆ ಬಂಡಿಯು ಆಗಲೇ ಗಂಟೆಗೆ ಸುಮಾರು ೧೮ ಕಿಲೋಮೀಟರು ಓಡುತ್ತಿರಬೇಕು. ಅದಕ್ಕಿಂತ ಕಡಮೆ ವೇಗದಲ್ಲಿ ಅಧಿಪತಿಯು ಹಳಿಯೇ ಹೊರತು ಯಂತ್ರವಲ್ಲ. ಅಲ್ಲಿ ಹೆಚ್ಚಿನ ಶಕ್ತಿಯನ್ನು ಕೇಳಿದರೆ ಅದು ವೇಗವಾಗಿ ಮಾರ್ಪಡುವುದಿಲ್ಲ; ಒಂದು ಅಚ್ಚು ಜಾರಿ ಗಿರ್ರನೆ ಸುತ್ತುತ್ತ ಹಳಿಯ ಮೈಯನ್ನು ಸುಡುವುದು. ಹಾಗೆ ಜಾರಿದಾಗ ಬಲ್ಲವನು ಹಿಡಿಕೆಯನ್ನು ಇಳಿಸಿ, ಹಳಿಯ ಮೇಲೆ ಮರಳನ್ನು ಬಿಟ್ಟು, ಚಕ್ರವು ಮತ್ತೆ ಹಿಡಿದ ಮೇಲೆ ಏರಿಸುವನು. ಇನ್ನೊಂದು ಕಾರಣವೂ ಉಂಟು. ಯಂತ್ರಕ್ಕೆ ಗಾಳಿಯನ್ನು ಒತ್ತಿಕೊಡುವ ಟರ್ಬೊ ಎಂಬ ಸಾಧನವು ಯಂತ್ರದ ಹೊಗೆಯಿಂದಲೇ ತಿರುಗುವಂಥದು. ಅದು ವೇಗಗೊಳ್ಳುವುದು ನಿಧಾನ. ಥ್ರಾಟಲನ್ನು ಥಟ್ಟನೆ ಏರಿಸಿದರೆ ಎಣ್ಣೆ ಮೊದಲು ಬರುವುದು, ಗಾಳಿ ಹಿಂದಿನಿಂದ ಬರುವುದು. ನಡುವಣ ಅವಧಿಯಲ್ಲಿ ಅರೆಬೆಂದ ಎಣ್ಣೆಯು ಕಾಡಿಗೆಯಂಥ ಹೊಗೆಯಾಗಿ ಆಕಾಶಕ್ಕೇರುವುದು. ಆಲ್ಕೊ ಇಂಜಿನುಗಳು ಹೊರಡುವಾಗ ಕಪ್ಪು ಹೊಗೆಯ ಕಂಬವನ್ನು ಎತ್ತುತ್ತಿದ್ದುದನ್ನು ಕಂಡವರು ಅದು ಶಕ್ತಿಯ ಚಿಹ್ನೆಯೆಂದು ಬೆರಗಾಗುತ್ತಿದ್ದರು. ನಿಜವಾಗಿ ಅದು ವ್ಯರ್ಥವಾದ ಎಣ್ಣೆಯ ಚಿಹ್ನೆ.

ಬಯಲಿನಲ್ಲಿ ಅಭ್ಯಾಸವೆನಿಸಿದ ಈ ವಿದ್ಯೆಯು ಘಟ್ಟದಲ್ಲಿ ಪ್ರಾಣರಕ್ಷಕವಾಗುತ್ತದೆ. ಕನ್ನಡನಾಡಿನಲ್ಲಿ ಇದಕ್ಕೆ ಎರಡು ಒರೆಗಲ್ಲುಗಳಿವೆ. ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕಿನಿಂದ ದೂಧಸಾಗರದ ಮೂಲಕ ಗೋವೆಯ ಕುಳೆಗೆ ಇಳಿಯುವ, ೧೮೮೦ರ ದಶಕದಲ್ಲಿ ಹಾಕಿದ ಹಾದಿಯಲ್ಲಿ ೩೭ ಅಡಿಗೆ ಒಂದು ಅಡಿ ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಹಾದಿಯಲ್ಲಿ ೫೦ ಅಡಿಗೆ ಒಂದು ಅಡಿ. ೧೯೭೯ರಲ್ಲಿ ಮೀಟರ್‌ಗೇಜಾಗಿ ತೆರೆದ ಈ ಎರಡನೆಯ ಹಾದಿಯು ೧೯೯೬ರಲ್ಲಿ ಮುಚ್ಚಿ, ಅಗಲಗೊಂಡು, ೨೦೦೬ರಲ್ಲಿ ಸರಕಿಗೂ ೨೦೦೭ರಲ್ಲಿ ಪ್ರಯಾಣಿಕರಿಗೂ ಮತ್ತೆ ತೆರೆಯಿತು. ಸುಮಾರು ೫೫ ಕಿಲೋಮೀಟರಿನ ಘಟ್ಟದಲ್ಲಿ ೫೭ ಸುರಂಗಗಳು.

ಈ ಏರುಗಳಲ್ಲಿ ಒಂದು ಬಂಡಿ ನಿಂತಿತೆನ್ನೋಣ. ಸಾವಿರ ಟನ್ನಿನ ಬಂಡಿಯನ್ನು ಹಿಂದಕ್ಕೆ ಜಾರದಂತೆ ಹಿಡಿಯುವುದಕ್ಕೇ ಸಕಲೇಶಪುರದ ಹಾದಿಯಲ್ಲಿ ೨೦ ಟನ್, ಕ್ಯಾಸಲ್‌ರಾಕಿನ ಹಾದಿಯಲ್ಲಿ ೨೭ ಟನ್ ಎಳೆತ ಬೇಕು. ಮೇಲೆ ಹೇಳಿದ ಇಂಜಿನಿನ ಒಟ್ಟು ಎಳೆತವೇ ಒಣಹಳಿಯ ಮೇಲೆ ೩೦ ಟನ್. ಆಷಾಢದ ಮಳೆಯಲ್ಲಿ ಅದು ಎಷ್ಟಕ್ಕಿಳಿದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದುದರಿಂದ ಇಂತಹ ಘಟ್ಟಗಳಲ್ಲಿ ಭಾರವಾದ ಬಂಡಿಗೆ ಹಿಂದಿನಿಂದ ಒತ್ತಿಕೊಡುವ ಇಂಜಿನುಗಳನ್ನು ಸೇರಿಸುವರು. ಆಗ ಎಬ್ಬಿಸುವ ಕೆಲಸ ಇನ್ನೂ ನಾಜೂಕಾಗುತ್ತದೆ. ಮುಂದಿನವನು ಅವಸರಪಟ್ಟರೆ ಕೊಂಡಿ ಹರಿಯುವುದು. ಹಿಂದಿನವನು ಅವಸರಪಟ್ಟರೆ ಡಬ್ಬಿಗಳು ಒಂದನ್ನೊಂದು ಒತ್ತಿ ತಿರುವಿನಲ್ಲಿ ಹಳಿತಪ್ಪುವ ಭಯ. ಮುಂದಕ್ಕೆ ಸಾಗದೆ ನಿಂತ ಬಂಡಿಯನ್ನು ಬ್ರೇಕಿನಿಂದ ಹಿಡಿಯುವ ಬದಲು ಥ್ರಾಟಲಿನಿಂದಲೇ ಹಿಡಿದಿಟ್ಟರೆ, ತಿರುಗದ ಮೋಟಾರಿನ ಒಂದೇ ಭಾಗದಲ್ಲಿ ಪ್ರವಾಹವೆಲ್ಲ ಹರಿದು ಅದು ಸುಟ್ಟುಹೋಗುವುದು. ಬ್ರೇಕನ್ನು ಬಿಡುವ ಕೈ, ಥ್ರಾಟಲನ್ನು ಏರಿಸುವ ಕೈ, ಇವೆರಡರ ನಡುವಣ ಕೆಲವೇ ಕ್ಷಣಗಳಲ್ಲಿ ನೂರಾರು ಜನರ ಕ್ಷೇಮವಿರುತ್ತದೆ.

೧೯೯೯ರಲ್ಲಿ ಜನರಲ್ ಮೋಟಾರ್ಸಿನ ಹೊಸ ಜಾತಿಯ ಇಂಜಿನುಗಳು ಭಾರತಕ್ಕೆ ಬಂದ ಮೇಲೆ ಚಾಲಕನ ಈ ಜ್ಞಾನದಲ್ಲಿ ಒಂದು ಪಾಲು ಯಂತ್ರಕ್ಕೆ ವರ್ಗವಾಯಿತು. ಅವುಗಳ ಮೋಟಾರುಗಳು ಪರ್ಯಾಯ ವಿದ್ಯುತ್ತಿನವು. ಚಕ್ರವು ಪೂರ್ತಿ ಜಾರದೆ, ಹಳಿಗಿಂತ ತುಸುವೇ ಮುಂದಾಗಿ ತೆವಳುವಾಗ ಹಿಡಿತವು ಅತ್ಯಧಿಕವೆಂಬುದನ್ನು ಅರಿತು, ಅವುಗಳಲ್ಲಿನ ಗಣಕವು ಕ್ಷಣಕ್ಷಣಕ್ಕೂ ಪ್ರವಾಹವನ್ನು ತಿದ್ದುತ್ತದೆ. ಮನುಷ್ಯನ ಕೈ ಅಷ್ಟು ಶೀಘ್ರವಾಗಿ ತಿದ್ದಲಾರದು. ಬಳಿಕ ವಿದ್ಯುತ್ ತಂತಿಯು ದೇಶದ ಬಹುಪಾಲು ಹಾದಿಗಳನ್ನು ಆವರಿಸಿತು. ವಾರಾಣಸಿಯ ಡೀಸೆಲ್ ಕಾರ್ಖಾನೆಯು ವಿದ್ಯುತ್ ಇಂಜಿನುಗಳ ಕಾರ್ಖಾನೆಯಾಗಿ ಮಾರ್ಪಟ್ಟು, ೨೦೨೦ರಲ್ಲಿ ಅದರ ಹೆಸರಿನಿಂದ ಡೀಸೆಲ್ ಎಂಬ ಮಾತೇ ಬಿಟ್ಟುಹೋಯಿತು. ಒಂದು ತಲೆಮಾರಿನ ಕೈಗಳು ಮುಳ್ಳನ್ನು ನೋಡಿ, ಯಂತ್ರದ ದನಿಯನ್ನು ಕೇಳಿ, ಕಾಲಿನಡಿಯ ನಡುಕವನ್ನು ಗ್ರಹಿಸಿ ಕಲಿತದ್ದು ಹೀಗೆ ಮರೆಯಾಗುತ್ತಿದೆ.

ಯಂತ್ರವು ಮನುಷ್ಯನ ಭಾರವನ್ನು ಇಳಿಸಿದರೆ ಅದು ಸಂತೋಷದ ವಿಷಯವೇ. ಆದರೆ ಗಣಕವು ಹಿಡಿತವನ್ನು ಕಾಯಬಲ್ಲದೇ ವಿನಾ, ಕಟ್ಟಕಡೆಯ ಡಬ್ಬಿಯ ಬ್ರೇಕು ಬಿಟ್ಟಿತೇ, ಬಂಡಿಯ ಸಡಿಲವೆಲ್ಲ ಬಿಗಿಯಿತೇ ಎಂದು ಅರಿತು ಕಾಯುವ ತಾಳ್ಮೆಯು ಇನ್ನೂ ಚಾಲಕನದಾಗಿಯೇ ಉಳಿದಿದೆ. ಡೀಸೆಲ್, ಲೆಂಪ್ ಮೊದಲಾದವರ ಹೆಸರನ್ನು ಚರಿತ್ರೆಯು ಬರೆದಿಟ್ಟುಕೊಂಡಿದೆ. ದಿನಕ್ಕೆ ಇಪ್ಪತ್ತು ಸಲ ಬಂಡಿಯನ್ನು ನಿಲ್ಲಿಸಿ ಇಪ್ಪತ್ತು ಸಲ ಎಬ್ಬಿಸಿದವರ ಹೆಸರನ್ನು ಅದು ಬರೆದಿಡಲಿಲ್ಲ, ಬರೆದಿಡಲು ಕಾರಣವನ್ನೂ ಅವರು ಕೊಡಲಿಲ್ಲ. ಅವರ ಕೆಲಸವು ಚೆನ್ನಾಗಿ ನಡೆದಾಗ ಹೇಳಿಕೊಳ್ಳುವಂಥ ಏನೂ ನಡೆಯುವುದಿಲ್ಲ. ಬಂಡಿ ಹೊರಟದ್ದು ಯಾವಾಗ ಎಂಬುದೇ ಒಳಗಿದ್ದವರಿಗೆ ತಿಳಿಯದೆ, ಕಿಟಕಿಯ ಹೊರಗೆ ನಿಲ್ದಾಣದ ಕಂಬವು ಹಿಂದಕ್ಕೆ ಸರಿಯುವುದನ್ನು ಕಂಡು ಮಾತ್ರ ತಿಳಿದರೆ, ಆ ವಿದ್ಯೆಯು ಸಫಲವಾಯಿತೆಂದು ಅರ್ಥ.